ಕರೆದರೆ ತಿರುಗದ ಮಗು: ಆಟಿಸಂ ತಪಾಸಣೆ ಮತ್ತು ಆರಂಭಿಕ ಚಿಕಿತ್ಸೆಗೆ ಹೆತ್ತವರ ಕೈಪಿಡಿ

ಒಂದೂವರೆ ವರ್ಷದ ಮಗುವಿಗೆ ಚುಚ್ಚುಮದ್ದು ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಬಂದ ತಾಯಿ ಹೊರಡುವ ಹೊತ್ತಿಗೆ ಬಾಗಿಲ ಬಳಿ ನಿಂತು, ಕೇಳಲೋ ಬೇಡವೋ ಎಂಬಂತೆ ಒಂದು ಮಾತು ಕೇಳುತ್ತಾಳೆ: "ಇವನಿಗೆ ಇನ್ನೂ ಮಾತು ಬಂದಿಲ್ಲ, ಕರೆದರೂ ತಿರುಗಿ ನೋಡೋದಿಲ್ಲ, ಪರವಾಗಿಲ್ವಾ?" ಬಹಳ ಸಲ ಅವಳಿಗೆ ಸಿಗುವ ಉತ್ತರ ಒಂದೇ: "ಗಂಡುಮಕ್ಕಳಿಗೆ ಮಾತು ತಡ, ಮೂರು ವರ್ಷ ಆಗಲಿ, ನೋಡೋಣ." ಮನೆಗೆ ಬಂದರೆ ಅಜ್ಜಿಯೂ ಅದನ್ನೇ ಹೇಳುತ್ತಾರೆ, ಮಗುವಿನ ಅಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದೆಂದು ನೆನಪಿಸುತ್ತಾರೆ, ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲ. ಆದರೆ ಆಟಿಸಂ ಇರುವ ಮಕ್ಕಳು ಕಳೆದುಕೊಳ್ಳುವ ಅಮೂಲ್ಯ ಕಾಲದ ದೊಡ್ಡ ಪಾಲು ಈ "ನೋಡೋಣ" ಎಂಬ ಮಾತಿನಲ್ಲಿಯೇ ಕಳೆದುಹೋಗುತ್ತದೆ.

ಅನುಮಾನ ಬಂದ ದಿನದಿಂದಲೇ ಕೆಲಸ ಶುರುಮಾಡಬಹುದು, ರೋಗನಿರ್ಣಯದ ಕಾಗದ ಕೈಗೆ ಬರಲೆಂದು ಮಗು ಕಾಯಬೇಕಾಗಿಲ್ಲ ಎಂಬುದನ್ನು ಹೆತ್ತವರಿಗೆ ಮನಗಾಣಿಸುವುದು ಈ ಲೇಖನದ ಉದ್ದೇಶ. ಆಟಿಸಂ ಅಂಟುವ ಕಾಯಿಲೆಯಲ್ಲ, ಹೆತ್ತವರು ಬೆಳೆಸಿದ ರೀತಿಯಿಂದ ಬರುವಂಥದ್ದೂ ಅಲ್ಲ. ಅದು ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ವ್ಯತ್ಯಾಸ. ಇತರರೊಡನೆ ಬೆರೆಯುವ, ಸಂವಹನ ಮಾಡುವ ರೀತಿಯಲ್ಲಿ, ಒಂದೇ ಬಗೆಯ ಚಟುವಟಿಕೆಗೆ ಅಂಟಿಕೊಳ್ಳುವುದರಲ್ಲಿ, ಸದ್ದು, ಬೆಳಕು, ಸ್ಪರ್ಶಗಳನ್ನು ಅನುಭವಿಸುವುದರಲ್ಲಿ ಅದು ಕಾಣಿಸಿಕೊಳ್ಳುತ್ತದೆ. ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಇದು ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಲವು ವರ್ಷ ಬಳಸಿಕೊಂಡು ಬಂದ ಅಂದಾಜು. ಅನುಭವಿ ತಜ್ಞರು ಎರಡು ವರ್ಷದ ಹೊತ್ತಿಗೆ ಇದನ್ನು ವಿಶ್ವಾಸಾರ್ಹವಾಗಿ ಗುರುತಿಸಬಲ್ಲರು.

ಹಂತ 1: ಮಾತಿಗಿಂತ ಮೊದಲು ಬೆರಳನ್ನು ಗಮನಿಸಿ

ಹೆತ್ತವರು ಮಾತನ್ನು ಎಣಿಸುತ್ತಾರೆ. ತಜ್ಞರು ಮೊದಲು ನೋಡುವುದು ಮಗುವಿನ ತೋರುಬೆರಳನ್ನು. ತಾತನ ಹೆಗಲ ಮೇಲೆ ಕುಳಿತ ಮಗು ರಸ್ತೆಯಲ್ಲಿ ಬಸ್ಸು ಕಂಡಕೂಡಲೇ ಬೆರಳು ಚಾಚಿ ತೋರಿಸಿ, ಮರುಕ್ಷಣವೇ ತಾತನ ಮುಖದ ಕಡೆ ತಿರುಗುತ್ತದೆ. ಮಗುವಿಗೆ ಬಸ್ಸು ಬೇಕಾಗಿಲ್ಲ. ತಾನು ಕಂಡದ್ದನ್ನು ತಾತನೂ ಕಾಣಲಿ ಎಂಬುದಷ್ಟೇ ಅದರ ಆಸೆ. ಹೀಗೆ ಇನ್ನೊಬ್ಬರ ಗಮನವನ್ನು ತನ್ನ ಗಮನದೊಂದಿಗೆ ಸೇರಿಸಿಕೊಳ್ಳುವುದು ಮಾತಿನ ಬುನಾದಿ. ಒಂದೂವರೆ ವರ್ಷವಾದರೂ ಮಗು ಹೀಗೆ ತೋರಿಸದಿದ್ದರೆ, ನೀವು "ಅಗೋ ಕಾಗೆ" ಎಂದು ಕೈ ಚಾಚಿದಾಗ ಕಾಗೆಯ ಕಡೆ ನೋಡದಿದ್ದರೆ, ಅದಕ್ಕೆ ನಾಲ್ಕು ಮಾತು ಬರುತ್ತಿದ್ದರೂ ತಪಾಸಣೆ ಮಾಡಿಸಬೇಕು.

ವಯಸ್ಸಿಗೆ ತಕ್ಕಂತೆ ನೋಡುವುದಾದರೆ, ಆರು ತಿಂಗಳಿಗೆ ಮುಖ ನೋಡಿ ನಗುವುದು, ಒಂಬತ್ತು ತಿಂಗಳ ಹೊತ್ತಿಗೆ ಹೆಸರು ಹಿಡಿದು ಕರೆದಾಗ ತಿರುಗುವುದು, ಒಂದು ವರ್ಷದ ಆಸುಪಾಸಿನಲ್ಲಿ ಟಾಟಾ ಮಾಡುವುದು, ಕೈ ಚಾಚಿ ಎತ್ತಿಕೊಳ್ಳಲು ಕೇಳುವುದು, ಹದಿನಾರು ತಿಂಗಳಿಗೆ ಅಮ್ಮ, ಬುವ್ವ, ಟಾಟಾ ಎಂಬಂಥ ಬಿಡಿ ಮಾತುಗಳು, ಎರಡು ವರ್ಷಕ್ಕೆ "ಅಪ್ಪ ಬಾ", "ಹಾಲು ಬೇಕು" ಎಂದು ತಾನೇ ಎರಡು ಪದ ಜೋಡಿಸುವುದು ನಿರೀಕ್ಷಿತ. ಇವುಗಳಲ್ಲಿ ಒಂದು ಸ್ವಲ್ಪ ಹಿಂದುಳಿದ ಮಾತ್ರಕ್ಕೆ ಆಟಿಸಂ ಎಂದು ಗಾಬರಿಪಡಬೇಕಾಗಿಲ್ಲ. ಆದರೆ ಬಂದಿದ್ದ ಮಾತು, ನಗು, ಟಾಟಾ ನಿಂತುಹೋದರೆ, ಯಾವ ವಯಸ್ಸಿನಲ್ಲಾದರೂ, ಒಂದು ವಾರವೂ ಕಾಯದೆ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಕಾಣುವ ಇತರ ಗುರುತುಗಳೂ ಇವೆ. ಏನಾದರೂ ಬೇಕಾದರೆ ನಿಮ್ಮ ಮುಖ ನೋಡದೆ ನಿಮ್ಮ ಕೈಯನ್ನೇ ಒಂದು ಸಲಕರಣೆಯಂತೆ ಹಿಡಿದೆಳೆದುಕೊಂಡು ಹೋಗಿ ಫ್ರಿಜ್ಜಿನ ಬಾಗಿಲಿಗೆ ಇಡುವುದು. ಆಟದ ಕಾರನ್ನು ಓಡಿಸದೆ ಮಗುಚಿ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುವುದು. ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸಿ, ಒಂದು ಜರುಗಿದರೂ ಕಿರುಚುವುದು. ಮಿಕ್ಸಿ ಅಥವಾ ಕುಕ್ಕರ್ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಓಡುವುದು. ಹೆಣ್ಣುಮಕ್ಕಳಲ್ಲಿ ಇವು ಇಷ್ಟು ಎದ್ದು ಕಾಣದೆ, "ನಾಚಿಕೆ ಸ್ವಭಾವ" ಎಂಬ ಹೆಸರಿನಲ್ಲಿ ಮರೆಯಾಗುವುದುಂಟು.

ಹಂತ 2: ಚುಚ್ಚುಮದ್ದಿನ ದಿನವನ್ನೇ ತಪಾಸಣೆಯ ದಿನ ಮಾಡಿಕೊಳ್ಳಿ

ಆಟಿಸಂಗೆಂದೇ ಇರುವ ತಪಾಸಣೆಯನ್ನು 18 ಮತ್ತು 24 ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಮಾಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡುತ್ತದೆ. ನಮ್ಮ ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲಿ ದಡಾರ-ರುಬೆಲ್ಲಾ ಎರಡನೇ ಡೋಸು ಮತ್ತು ಡಿಪಿಟಿ ಬೂಸ್ಟರ್ ಬರುವುದು 16ರಿಂದ 24 ತಿಂಗಳ ನಡುವೆ. ಎರಡೂ ಒಂದೇ ಅವಧಿಗೆ ಬರುವುದರಿಂದ ಅದೇ ಭೇಟಿಯಲ್ಲಿ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಪುಟವನ್ನು ತೆರೆದು ತೋರಿಸಿ, ಆಟಿಸಂ ತಪಾಸಣೆಯನ್ನೂ ಮಾಡಿ ಎಂದು ಬಾಯಿಬಿಟ್ಟು ಕೇಳಿ.

ಲಸಿಕೆಯ ಮಾತು ಬಂದದ್ದರಿಂದ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು: ಲಸಿಕೆಯಿಂದ ಆಟಿಸಂ ಬರುವುದಿಲ್ಲ. 1998ರಲ್ಲಿ ಆ ಭಯ ಹುಟ್ಟಿಸಿದ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಆಟಿಸಂನ ಲಕ್ಷಣಗಳು ಕಣ್ಣಿಗೆ ಬೀಳುವ ವಯಸ್ಸೂ ಈ ಚುಚ್ಚುಮದ್ದಿನ ವಯಸ್ಸೂ ಒಂದೇ ಆಗಿರುವುದರಿಂದ ಒಂದರಿಂದ ಇನ್ನೊಂದು ಬಂತೆಂದು ತೋರುತ್ತದೆ, ಅಷ್ಟೆ.

ತಪಾಸಣೆಗೆ ಹೆಚ್ಚಾಗಿ ಬಳಸುವುದು ಎಂ-ಚಾಟ್ ಎಂಬ ಪ್ರಶ್ನಾವಳಿಯನ್ನು. 16ರಿಂದ 30 ತಿಂಗಳ ಮಕ್ಕಳಿಗಾಗಿರುವ ಇದರಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸುವ 20 ಪ್ರಶ್ನೆಗಳಿವೆ. ಮಗು ಒಂದೆರಡು ಸಲ ಮಾಡಿದ್ದನ್ನು, ಎಂದಿನಂತೆ ಮಾಡದಿದ್ದರೆ, "ಹೌದು" ಎಂದು ಬರೆಯಬಾರದು. ಪ್ರೀತಿಯಿಂದ ಉತ್ತರವನ್ನು ಚಂದಗಾಣಿಸಿದರೆ ನಷ್ಟ ಮಗುವಿಗೇ. ಹೆಚ್ಚಿನ ಪ್ರಶ್ನೆಗಳಲ್ಲಿ "ಇಲ್ಲ" ಎಂಬುದು ಎಚ್ಚರಿಕೆಯ ಉತ್ತರ. ಕಿವುಡೆಂಬ ಅನುಮಾನ, ಕಣ್ಣಿನ ಬಳಿ ಬೆರಳಾಡಿಸುವುದು, ದಿನನಿತ್ಯದ ಸದ್ದಿಗೆ ಕಂಗೆಡುವುದು ಎಂಬ 2, 5 ಮತ್ತು 12ನೇ ಪ್ರಶ್ನೆಗಳಲ್ಲಿ ಮಾತ್ರ "ಹೌದು" ಎಂಬುದು ಎಚ್ಚರಿಕೆ. ಪ್ರತಿ ಎಚ್ಚರಿಕೆಯ ಉತ್ತರಕ್ಕೆ ಒಂದು ಅಂಕ. ಒಟ್ಟು 0ರಿಂದ 2 ಬಂದರೆ ಅಪಾಯ ಕಡಿಮೆ, ಆದರೂ ಮಗುವಿಗೆ ಎರಡು ವರ್ಷ ತುಂಬಿಲ್ಲದಿದ್ದರೆ ತುಂಬಿದ ಮೇಲೆ ಇನ್ನೊಮ್ಮೆ ಮಾಡಬೇಕು. 3ರಿಂದ 7 ಬಂದರೆ ವೈದ್ಯರು ಆ ಪ್ರಶ್ನೆಗಳನ್ನೇ ಬಿಡಿಸಿ ಕೇಳುವ ಎರಡನೇ ಸುತ್ತು ಇರುತ್ತದೆ. 8 ಅಥವಾ ಹೆಚ್ಚು ಬಂದರೆ ಎರಡನೇ ಸುತ್ತಿಗೂ ಕಾಯದೆ ನೇರವಾಗಿ ತಜ್ಞರ ಬಳಿ ಹೋಗಬೇಕು. ಈ ಅಂಕ ಬಾಗಿಲು ತಟ್ಟುವುದಕ್ಕಷ್ಟೇ. ಹೆಚ್ಚು ಅಂಕ ಬಂದ ಎಲ್ಲ ಮಕ್ಕಳಿಗೂ ಆಟಿಸಂ ಇರುವುದಿಲ್ಲ. ಹಾಗೆಯೇ ಅಂಕ ಕಡಿಮೆ ಬಂದರೂ ನಿಮ್ಮ ಮನಸ್ಸಿನ ಅನುಮಾನ ಹೋಗದಿದ್ದರೆ, ಆ ಅನುಮಾನವೇ ತಜ್ಞರನ್ನು ಕಾಣಲು ಸಾಕಷ್ಟು ಕಾರಣ.

ಹಂತ 3: ಕಿವಿ ಪರೀಕ್ಷೆ ಮಾಡಿಸಿ

ತಟ್ಟೆ ಬಡಿದಾಗ ತಿರುಗಿತು, ಮೊಬೈಲಿನ ಹಾಡಿಗೆ ಓಡಿ ಬಂತು ಎಂಬ ಕಾರಣಕ್ಕೆ ಈ ಹೆಜ್ಜೆಯನ್ನು ಬಿಡಬೇಡಿ. ಮಾತು ತಡವಾದ ಪ್ರತಿ ಮಗುವಿಗೂ ಓಎಇ (ಸದ್ದಿಗೆ ಒಳಕಿವಿಯ ಪ್ರತಿಕ್ರಿಯೆ ನೋಡುವ) ಮತ್ತು ಅಗತ್ಯವಿದ್ದರೆ ಬೆರಾ (ಸದ್ದು ಮಿದುಳಿಗೆ ತಲುಪುತ್ತಿದೆಯೇ ಎಂದು ನೋಡುವ) ಪರೀಕ್ಷೆ ಆಗಲೇಬೇಕು. ಎರಡರಲ್ಲೂ ನೋವಿಲ್ಲ, ಮಗು ನಿದ್ದೆಯಲ್ಲಿದ್ದಾಗಲೂ ಮಾಡಬಹುದು. ಕೆಲವು ಸ್ವರಗಳು ಮಾತ್ರ ಕೇಳಿಸದ ಮಗು ಹೆಸರಿಗೆ ತಿರುಗದೆ ಇರಬಹುದು, ಬೇರೆ ಸದ್ದಿಗೆ ತಿರುಗಬಹುದು.

ಹಂತ 4: ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಹಳ್ಳಿಯಲ್ಲಿರುವವರು ಅಂಗನವಾಡಿಯಿಂದ ಶುರುಮಾಡಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಅದು ಪರೀಕ್ಷಿಸುವ ತೊಂದರೆಗಳಲ್ಲಿ ಆಟಿಸಂ ಕೂಡ ಸೇರಿದೆ. ಆ ತಂಡ ಕಳಿಸುವ ಜಾಗ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರ, ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಯ ಆವರಣದಲ್ಲಿ ಇರುವಂಥದ್ದು. ಮಾತು ಮತ್ತು ಕಿವಿಗೆ ಸಂಬಂಧಿಸಿದಂತೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಸರ್ಕಾರಿ ವಲಯದಲ್ಲಿರುವ ದೊಡ್ಡ ಆಸರೆಗಳು. ಅಮೆರಿಕದಲ್ಲಿರುವ ಕನ್ನಡಿಗ ಕುಟುಂಬಗಳು, ಮಗುವಿಗೆ ಮೂರು ವರ್ಷ ತುಂಬುವ ಮೊದಲು, ವೈದ್ಯರ ಚೀಟಿ ಇಲ್ಲದೆಯೂ ತಮ್ಮ ರಾಜ್ಯದ ಅರ್ಲಿ ಇಂಟರ್‌ವೆನ್ಷನ್ (ಆರಂಭಿಕ ಚಿಕಿತ್ಸೆ) ಕಚೇರಿಗೆ ನೇರವಾಗಿ ಕರೆಮಾಡಿ ಮಗುವಿನ ಮೌಲ್ಯಮಾಪನ ಕೇಳಬಹುದು.

ಹೋಗುವ ಮೊದಲು ಮೊಬೈಲಿನಲ್ಲಿ ಎರಡೆರಡು ನಿಮಿಷದ ಮೂರು ವಿಡಿಯೊ ಮಾಡಿಕೊಳ್ಳಿ: ಮಗು ಒಂಟಿಯಾಗಿ ಆಡುತ್ತಿರುವುದು, ಊಟದ ಹೊತ್ತು, ಬೆನ್ನ ಹಿಂದಿನಿಂದ ಹೆಸರು ಕರೆದಾಗಿನ ಪ್ರತಿಕ್ರಿಯೆ. ಹೊಸ ಜಾಗದಲ್ಲಿ ಅಳುತ್ತ ಮುದುಡಿಕೊಂಡ ಮಗುವಿನಲ್ಲಿ ವೈದ್ಯರಿಗೆ ಕಾಣದ್ದು ಈ ಆರು ನಿಮಿಷದಲ್ಲಿ ಕಾಣುತ್ತದೆ. ಹೆರಿಗೆಯ ದಾಖಲೆ, ತಾಯಿ ಕಾರ್ಡ್, ಕಿವಿ ಪರೀಕ್ಷೆಯ ವರದಿ ಜೊತೆಗಿರಲಿ. ದಿನವೆಲ್ಲ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾದರೆ ಅಜ್ಜಿಯೂ ಬರಲಿ.

ಆಟಿಸಂ ಇದೆಯೇ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ಆಡಿಸಿ, ಗಮನಿಸಿ, ನಿಮ್ಮೊಡನೆ ವಿವರವಾಗಿ ಮಾತನಾಡಿಯೇ ನಿರ್ಧರಿಸಬೇಕು. ಐದು ನಿಮಿಷದಲ್ಲಿ "ಇದೆ" ಅಥವಾ "ಇಲ್ಲ" ಎಂದು ಹೇಳಿ ಕಳಿಸಿದರೆ ಇನ್ನೊಬ್ಬ ತಜ್ಞರನ್ನು ಕಾಣುವುದು ನಿಮ್ಮ ಹಕ್ಕು. ಮೂರ್ಛೆ ಅಥವಾ ಬಂದ ಮಾತು ಹೋದಂಥ ಲಕ್ಷಣವಿದ್ದರೆ ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಬೇಕಾಗಬಹುದು. ಎಲ್ಲರಿಗೂ ಅದು ಬೇಕಿಲ್ಲ.

ಹಂತ 5: ಸರದಿ ಬರುವವರೆಗೆ, ಮನೆಯಲ್ಲಿ

ದೊಡ್ಡ ಆಸ್ಪತ್ರೆಯ ಅಪಾಯಿಂಟ್‌ಮೆಂಟಿಗೆ ವಾರಗಳೋ ತಿಂಗಳುಗಳೋ ಹಿಡಿಯಬಹುದು. ನನ್ನ ದೃಷ್ಟಿಯಲ್ಲಿ ಇಡೀ ಮಾರ್ಗದರ್ಶಿಯ ತಿರುಳು ಈ ಹಂತದಲ್ಲಿಯೇ ಇದೆ. ಇಲ್ಲಿ ಹೇಳುವ ಯಾವುದೂ ಮಗುವಿಗೆ ಆಟಿಸಂ ಇಲ್ಲದಿದ್ದರೂ ಕೆಡುಕು ಮಾಡುವುದಿಲ್ಲ. ಮಾತು ಮಾತ್ರ ತಡವಾಗಿದ್ದರೂ ಇದೇ ಅಭ್ಯಾಸ ಬೇಕು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೆತ್ತವರಿಗೆ ಆಡಿಸುವ ರೀತಿಯನ್ನು ಕಲಿಸಿದಾಗ, ಮಕ್ಕಳು ತಾವಾಗಿಯೇ ಹೆತ್ತವರೊಡನೆ ಸಂವಹನ ಆರಂಭಿಸುವುದು ಹೆಚ್ಚಿತು.

ನೀರಿನ ಲೋಟವನ್ನೇ ತೆಗೆದುಕೊಳ್ಳಿ. ಆಟಿಸಂ ಇರುವ ಅನೇಕ ಮಕ್ಕಳು ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೆಯೇ ಮರಳಿ ಹೇಳುತ್ತಾರೆ. ತಾಯಿ ದಿನವೂ "ನಿನಗೆ ನೀರು ಬೇಕಾ?" ಎಂದು ಕೇಳಿ ನೀರು ಕೊಡುತ್ತಾಳೆ, ಬಾಯಾರಿದ ಮಗು ಅಡುಗೆಮನೆಗೆ ಬಂದು ತಾನೂ "ನಿನಗೆ ನೀರು ಬೇಕಾ?" ಎನ್ನುತ್ತದೆ, ಕೊನೆಯ ಧ್ವನಿಯ ಏರಿಕೆಯೂ ಸೇರಿದಂತೆ. ನೋಡಿದವರು ಅರ್ಥವಿಲ್ಲದ ಗಿಣಿಪಾಠವೆಂದುಕೊಳ್ಳುತ್ತಾರೆ. ಅದು ಹಾಗಲ್ಲ: ಆ ಮಗುವಿನ ಪಾಲಿಗೆ ನೀರು ಬರುವಾಗ ಕೇಳಿಬರುವ ಮಾತು ಅದು, ಅದನ್ನು ಹೇಳಿದರೆ ನೀರು ಬರುತ್ತದೆಂದು ಅದು ಸರಿಯಾಗಿಯೇ ಲೆಕ್ಕ ಹಾಕಿದೆ. ಆದ್ದರಿಂದ ಪ್ರಶ್ನೆಯನ್ನು ಬಿಟ್ಟು, ಮಗು ಹೇಳಬೇಕಾದ ಮಾತನ್ನೇ ಮಗುವಿನ ಪರವಾಗಿ ನೀವು ಹೇಳಿ: "ನೀರು ಬೇಕು." ಲೋಟವನ್ನು ನಿಮ್ಮ ಮುಖದ ಹತ್ತಿರ ಹಿಡಿಯಿರಿ, ಐದಾರು ಎಣಿಸುವಷ್ಟು ಹೊತ್ತು ಸುಮ್ಮನೆ ಕಾಯಿರಿ, ಮಗು ನೋಡಿದರೆ, ಕೈ ಚಾಚಿದರೆ, "ನೀ" ಎಂದರೂ ಸಾಕು, ತಕ್ಷಣ ಕೊಡಿ. ಪೂರ್ತಿ ಹೇಳುವವರೆಗೆ ಕೊಡೆನೆಂದು ಹಟ ಹಿಡಿದರೆ ಮಗು ಮಾತನ್ನಲ್ಲ, ನಿಮ್ಮನ್ನು ದೂರವಿಡಲು ಕಲಿಯುತ್ತದೆ.

ಇದೇ ಕಾಯುವಿಕೆಯನ್ನು ದಿನದ ಎಲ್ಲ ಕೆಲಸಕ್ಕೂ ಹರಡಬಹುದು. ಸ್ನಾನ ಮಾಡಿಸುವಾಗ ಚೊಂಬು ಎತ್ತಿ "ಒಂದು, ಎರಡು" ಎಂದು ನಿಲ್ಲಿಸಿ, ಮೂರಕ್ಕಾಗಿ ಮಗು ನಿಮ್ಮ ಕಡೆ ನೋಡುವವರೆಗೆ ತಡೆಯಿರಿ. ಉಯ್ಯಾಲೆಯನ್ನು ನಡುವೆ ಹಿಡಿದು ನಿಲ್ಲಿಸಿ. ಚಕ್ಕುಲಿಯನ್ನು ಒಳಗಿನದು ಕಾಣುವ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಟ್ಟರೆ ಅದನ್ನು ತೆರೆಸಲು ಮಗು ನಿಮ್ಮ ಬಳಿಗೆ ಬರಲೇಬೇಕು. ನೆಲದ ಮೇಲೆ ಮಗುವಿನ ಎದುರು, ಅದರ ಕಣ್ಣಿನ ಮಟ್ಟಕ್ಕೆ ಕುಳಿತು, ಅದು ಚಕ್ರ ತಿರುಗಿಸುತ್ತಿದ್ದರೆ ನೀವೂ ಇನ್ನೊಂದು ಚಕ್ರ ತಿರುಗಿಸಿ. ಸ್ವಲ್ಪ ಹೊತ್ತಿನಲ್ಲಿ ಮಗು ತಲೆಯೆತ್ತಿ ನಿಮ್ಮ ಕೈಯನ್ನು, ಆಮೇಲೆ ನಿಮ್ಮನ್ನು ನೋಡುವ ಕ್ಷಣ ಬರುತ್ತದೆ. "ಇದೇನು? ಇದ್ಯಾವ ಬಣ್ಣ?" ಎಂಬ ಪರೀಕ್ಷೆಯ ಪ್ರಶ್ನೆಗಳನ್ನು ಕೆಲವು ತಿಂಗಳು ಪೂರ್ತಿ ಬಿಟ್ಟುಬಿಡಿ.

ಮೊಬೈಲ್ ತೋರಿಸಿ ಉಣಿಸುವುದನ್ನು ಈ ವಾರವೇ ನಿಲ್ಲಿಸಲು ಪ್ರಯತ್ನಿಸಿ. ಎರಡು ವರ್ಷದೊಳಗಿನ ಮಕ್ಕಳಿಗೆ, ದೂರದ ನೆಂಟರ ವಿಡಿಯೊ ಕರೆಯ ಹೊರತು, ಪರದೆ ಬೇಡ. ಎರಡರಿಂದ ಐದು ವರ್ಷದವರಿಗೆ ದೊಡ್ಡವರ ಜೊತೆಯಲ್ಲಿ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ಆದರೆ "ಮೊಬೈಲಿನಿಂದಲೇ ಬಂದದ್ದು, ಬಿಡಿಸಿದರೆ ಹೋಗುತ್ತದೆ" ಎಂಬ ಮಾತನ್ನು ನಂಬಿ ತಪಾಸಣೆಯನ್ನು ಮುಂದೂಡಬೇಡಿ.

ಮನೆಮಾತಿನ ಬಗ್ಗೆ ಒಂದು ಮಾತು. ಎರಡು ಭಾಷೆಯಿಂದ ಗೊಂದಲವಾಗುತ್ತದೆ, ಇಂಗ್ಲಿಷ್ ಒಂದನ್ನೇ ಆಡಿ ಎಂಬ ಸಲಹೆಯನ್ನು ಬೆಂಗಳೂರಿನಲ್ಲಿಯೂ ಹೊರನಾಡಿನಲ್ಲಿಯೂ ಎಷ್ಟೋ ಹೆತ್ತವರು ಕೇಳಿದ್ದಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದುಳಿಯುತ್ತದೆ ಎಂಬುದನ್ನು ಸಂಶೋಧನೆಗಳು ಸಮರ್ಥಿಸಿಲ್ಲ. ಅಜ್ಜಿ, ತಾತ, ಅತ್ತೆಯರು ಆಡುವ ಭಾಷೆ ಕನ್ನಡವಾದರೆ, ಮಗುವಿಗೆ ಅವರೆಲ್ಲರೊಡನೆ ಮಾತನಾಡುವ ದಾರಿಯೂ ಕನ್ನಡವೇ. ಅದನ್ನು ಮುಚ್ಚಬೇಡಿ.

ಹಂತ 6: ಥೆರಪಿಯನ್ನು ಆರಿಸುವುದು

ಮಾತು-ಸಂವಹನಕ್ಕೆ ಸ್ಪೀಚ್ ಥೆರಪಿ, ಸ್ಪರ್ಶ-ಸದ್ದುಗಳ ಕಿರಿಕಿರಿ, ಊಟ, ಉಡುಗೆ, ಕೈಕೆಲಸಗಳಿಗೆ ಆಕ್ಯುಪೇಷನಲ್ ಥೆರಪಿ, ವರ್ತನೆ ಮತ್ತು ಕಲಿಕೆಗೆ ವರ್ತನಾ ಚಿಕಿತ್ಸೆ ಹಾಗೂ ವಿಶೇಷ ಶಿಕ್ಷಣ. ಎಲ್ಲ ಮಕ್ಕಳಿಗೂ ಎಲ್ಲವೂ ಬೇಕಿಲ್ಲ. ಚಿಕ್ಕ ಮಕ್ಕಳಲ್ಲಿ ಕುರ್ಚಿಗೆ ಕೂರಿಸಿ ಮಾಡುವ ಪಾಠಕ್ಕಿಂತ ಆಟದೊಳಗೇ ಕಲಿಸುವ ವಿಧಾನಗಳಿಗೆ ಈಗ ಒತ್ತು ಹೆಚ್ಚು. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತ ಅವರು ರೂಪಿಸಿದ ಕಾಮ್-ಡಿಯಾಲ್ ಕಾರ್ಯಕ್ರಮ, ನಮ್ಮ ಮಕ್ಕಳಿಗಾಗಿ ನಮ್ಮಲ್ಲಿಯೇ ಬೆಳೆದ ಆರಂಭಿಕ ಚಿಕಿತ್ಸಾ ಕ್ರಮಕ್ಕೆ ಒಂದು ಉದಾಹರಣೆ.

ವಾರಕ್ಕೆ ಇಷ್ಟು ಗಂಟೆ ಮಾಡಿಸದಿದ್ದರೆ ಮಗು ಹಾಳಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಗಂಟೆ ಹೆಚ್ಚಾದಷ್ಟೂ ಫಲ ಹೆಚ್ಚು ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಸಾಲ ಮಾಡಿ ದಿನಕ್ಕೆ ನಾಲ್ಕು ಸೆಷನ್ ಕಟ್ಟುವುದಕ್ಕಿಂತ, ವಾರಕ್ಕೆ ಎರಡು ಒಳ್ಳೆಯ ಸೆಷನ್ನಿನಲ್ಲಿ ನೀವೂ ಒಳಗೆ ಕುಳಿತು ಕಲಿತು, ಅದನ್ನು ಮನೆಯ ಸ್ನಾನ, ಊಟ, ಆಟಗಳಿಗೆ ತರುವುದು ಹೆಚ್ಚು ಉಪಯುಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ಸೇರಿಸುವ ಮೊದಲು ಇಷ್ಟು ಕೇಳಿ: ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ? ಮುಂದಿನ ಮೂರು ತಿಂಗಳಿಗೆ ಗುರಿ ಏನು, ಅದನ್ನು ಬರೆದು ಕೊಡುತ್ತೀರಾ? ನಾವು ಕೊಠಡಿಯೊಳಗೆ ಕೂರಬಹುದೇ? ಮೂರನೆಯದಕ್ಕೆ "ಆಗುವುದೇ ಇಲ್ಲ" ಎಂಬ ಉತ್ತರ ಬಂದರೆ, ಮಗುವನ್ನು ಹೊಡೆಯುವ, ಕಟ್ಟಿ ಕೂರಿಸುವ ಸುಳಿವು ಕಂಡರೆ, ಕಟ್ಟಿದ ಹಣ ಹೋದರೂ ಸರಿ, ಮಗುವನ್ನು ಕರೆದುಕೊಂಡು ಬನ್ನಿ. ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡು, ಸನ್ನೆ ಕಲಿಸಲು ಹಿಂಜರಿಯಬೇಡಿ; ಅದರಿಂದ ಮಾತು ಬರುವುದು ನಿಲ್ಲುವುದಿಲ್ಲ, ಬಯಸಿದ್ದನ್ನು ಹೇಳಲಾಗದ ಸಿಟ್ಟು ಕಡಿಮೆಯಾಗುತ್ತದೆ.

ಹಂತ 7: ದೂರವಿಡಬೇಕಾದದ್ದು

ಆಟಿಸಂ ಅನ್ನೇ ಗುಣಪಡಿಸುವ ಔಷಧವಿಲ್ಲ. ತೀವ್ರ ಸಿಡುಕು, ತನ್ನನ್ನೇ ಗಾಯಗೊಳಿಸಿಕೊಳ್ಳುವುದು, ನಿದ್ದೆಯ ತೊಂದರೆ, ಮೂರ್ಛೆಯಂಥ ಜೊತೆಗಿರುವ ತೊಂದರೆಗಳಿಗೆ ಮಾತ್ರ ತಜ್ಞರು ಔಷಧ ಕೊಡುತ್ತಾರೆ. ಆಕರಕೋಶ, ಅಂದರೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿ ಸ್ಪಷ್ಟಪಡಿಸಿದೆ; ಲಕ್ಷಾಂತರ ರೂಪಾಯಿ ಕೇಳುವ ಜಾಹೀರಾತು ಕಂಡರೆ ಇದನ್ನು ನೆನಪಿಡಿ. ದೇಹದ ಲೋಹ ತೆಗೆಯುತ್ತೇವೆಂದು ಮಾಡುವ ಕೀಲೇಷನ್ ಜೀವಕ್ಕೇ ಅಪಾಯಕಾರಿ. ಹರಕೆ ಹೊರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹರಕೆ ತೀರಿಸಿ ಬಂದ ಮೇಲೆ ಥೆರಪಿ ಎಂದು ಮುಂದೂಡುವುದು ಮಾತ್ರ ಬೇಡ.

ಹಂತ 8: ಪ್ರಮಾಣಪತ್ರ ಮತ್ತು ಸೌಲಭ್ಯ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ತೀವ್ರತೆ ಅಳೆಯಲು ಇಸಾ ಎಂಬ 40 ಅಂಶಗಳ ಭಾರತೀಯ ಮಾಪಕ ಬಳಸುತ್ತಾರೆ. 70ರಿಂದ 106 ಅಂಕ ಬಂದರೆ ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಪ್ರಮಾಣಪತ್ರ ಸಿಕ್ಕ ಮೇಲೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೆ ಸೇರಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ, ಮಿತಿಗೊಳಪಟ್ಟು, ಥೆರಪಿಯ ವೆಚ್ಚವೂ ಸೇರುತ್ತದೆ; ಸೆಷನ್ನಿನ ಪ್ರತಿ ರಸೀದಿಯನ್ನು ಜೋಪಾನವಾಗಿಡಿ. ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಕಟ್ಟಿದಂತಾಗುತ್ತದೆ ಎಂಬ ಅಳುಕು ಅನೇಕರಲ್ಲಿದೆ. ಅದನ್ನು ಯಾರಿಗೆ ತೋರಿಸಬೇಕು, ಯಾವಾಗ ತೋರಿಸಬೇಕು ಎಂಬುದು ನಿಮ್ಮ ಕೈಯಲ್ಲಿಯೇ ಇರುತ್ತದೆ.

ಈ ಓಡಾಟದ ನಡುವೆ ತಾಯಿಗೆ ನಿದ್ದೆ ಹೋದರೆ, ಅಳು ತಡೆಯಲಾಗದಿದ್ದರೆ, ಅದಕ್ಕೂ ನೆರವು ಕೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು.

ಎರಡನೇ ಮಗು ಇದ್ದರೆ ಅಥವಾ ಬರಲಿದ್ದರೆ, ಅದನ್ನು ಮೊದಲಿನಿಂದಲೇ ಸ್ವಲ್ಪ ಹೆಚ್ಚು ಗಮನವಿಟ್ಟು ನೋಡಿ. ಆಟಿಸಂ ಇರುವ ಮಗುವಿನ ತಮ್ಮ-ತಂಗಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆಟಿಸಂ ಕಂಡುಬರುತ್ತದೆ; ಉಳಿದ ನಾಲ್ವರಿಗೆ ಇರುವುದಿಲ್ಲ. ಒಂಬತ್ತು ತಿಂಗಳಿಗೆ ದಡಾರದ ಮೊದಲ ಚುಚ್ಚುಮದ್ದಿಗೆ ಹೋದಾಗಲೇ, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವುದನ್ನು ವೈದ್ಯರಿಗೆ ತಿಳಿಸಿ, ಈ ಮಗುವಿನ ಹೆಸರನ್ನು ಅವರ ಎದುರಿಗೇ ಒಮ್ಮೆ ಹಿಂದಿನಿಂದ ಕರೆದು ತೋರಿಸಿ.